ಗೋದುಬಾಯಿ ತಿದ್ದಿದ ಘೋಷಣಾಪತ್ರ

ಗೋದುಬಾಯಿಗೆ ಓದಲು ಬಾರದೆಂದು ನಾನು ಬಹಳ ಕಾಲ ನಂಬಿದ್ದೆ. ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಒಂದು ಪ್ಲೈವುಡ್ ಕಾರ್ಖಾನೆಯಲ್ಲಿ ಗುತ್ತಿಗೆಯ ಹೆಂಗಸರಿಗೆಲ್ಲ ಆಕೆಯೇ ಮುಂದಾಳು. ಆದರೂ ಯಾವ ಕಾಗದ ಬಂದರೂ "ದಿಲಶಾದ, ಓದವಾ" ಎಂದು ಜೊತೆಗಾತಿಯ ಕೈಗಿತ್ತು, ತಾನು ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟು, ಕುಡಿಯಲು ಮರೆತ ಚಹದ ಕಪ್ಪು ಹಿಡಿದು ಅತ್ತಿಂದಿತ್ತ ಅಡ್ಡಾಡುತ್ತಿದ್ದಳು. ಅಕ್ಷರವಿಲ್ಲದ ನಾಯಕಿಗೆ ಅಕ್ಷರವಂತನಾದ ನಾನು ಒದಗಿದ್ದು ಅವಳ ಪುಣ್ಯವೆಂದೆಣಿಸಿ, ಮುಷ್ಕರದ ಘೋಷಣಾಪತ್ರವನ್ನು ಬರೆದುಕೊಡಲು ಒಪ್ಪಿದೆ. ಪತ್ರಿಕೆಗಳಿಗೆ ನಗೆಬರಹ ಬರೆದು ದಣಿದವನಿಗೆ ಒಮ್ಮೆಯಾದರೂ ಕ್ರಾಂತಿ ಮಾಡಬೇಕೆಂಬ ಆಸೆಯಿತ್ತು.

ಕಾರಣವೇನೂ ಸಣ್ಣದಲ್ಲ. ಆರು ತಿಂಗಳ ಬಸಿರಿ ಸುವರ್ಣಾ, ನಿಂತು ನಿಂತು ಕಣ್ಣಿಗೆ ಕತ್ತಲೆ ಬಂದು, ಮರದ ಹಾಳೆಗಳ ಒಟ್ಟಿಲ ಮೇಲೆ ಹತ್ತು ನಿಮಿಷ ಕೂತಿದ್ದಳು. ಮೇಸ್ತ್ರಿ ಅವಳ ಗೇಟ್ ಪಾಸ್ ಕಿತ್ತುಕೊಂಡು ಕೆಲಸದಿಂದ ಹೊರಗಟ್ಟಿದ. ಸೋಮವಾರ ಎಂಬತ್ತು ಹೆಂಗಸರೂ ಹೊರಗೆ ನಿಂತರೆ ಅವಳು ಒಳಗೆ. ಇಪ್ಪತ್ತೇ ಮಂದಿ ನಿಂತರೆ ಆ ಇಪ್ಪತ್ತೂ ಹೊರಗೆ.

ನಾಲ್ಕು ಪುಟ ಬರೆದೆ. ಸಂಕೋಲೆ, ಅರುಣೋದಯ, ರಕ್ತದ ಕೊನೆಯ ಹನಿ, ಎಲ್ಲವೂ ಕರೆಯದೆ ಬಂದು ಸಾಲಾಗಿ ಕೂತವು. ಶುಕ್ರವಾರ ಮಧ್ಯಾಹ್ನ ಗೇಟಿನ ಹೊರಗೆ ಬುತ್ತಿ ಬಿಚ್ಚಿದ ಹೆಂಗಸರ ನಡುವೆ ದಿಲಶಾದ ಓದತೊಡಗಿದಳು. ಗೋದುಬಾಯಿ ಅಡ್ಡಾಡುತ್ತಲೇ ಇದ್ದಳು, ಪ್ರತಿ ವಾಕ್ಯ ಮುಗಿದಾಗಲೂ ಅವಳದು ಒಂದೇ ಮಾತು: "ಆಮ್ಯಾಲ?"

ಶತಮಾನಗಳ ದಾಸ್ಯ ಬಂತು. ಹೆಂಗಸರು ರೊಟ್ಟಿ ಮುರಿಯುತ್ತಲೇ ಇದ್ದರು.

"ಬಾಯಿ, ಈ ಸಾಲಿಗೆ ನನ್ನ ಉಸುರು ಸಾಲವಲ್ದು," ಎಂದಳು ದಿಲಶಾದ.

ರಕ್ತದ ಕೊನೆಯ ಹನಿಗೆ ಬಂದಾಗ, ಎಲ್ಲರಿಗಿಂತ ಹಿರಿಯಳಾದ ಕಾಶೆವ್ವ ತಲೆಯೆತ್ತಿ, "ಮೊದಲನೇ ಹನಿ ಯಾರದ್ರಿ ಸರ, ನಿಮ್ದ ಏನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕದವಳ ಚಟ್ನಿಗೆ ಕೈ ಹಾಕಿದಳು.

ಕೊನೆಯ ಪುಟದ ತಳದಲ್ಲಿ, ಶೈಲಿಗೆ ಕುಂದೆಂದು ನಾನು ಸಣ್ಣಕ್ಷರದಲ್ಲಿ ಅಡಗಿಸಿಟ್ಟ ಸಾಲೊಂದಿತ್ತು: 'ಸುವರ್ಣಾ ಹತ್ತು ನಿಮಿಷ ಕೂತಳು. ನಾಳೆ ನಿಮಗೂ ಕೂರಬೇಕೆನಿಸಬಹುದು.'

ರೊಟ್ಟಿ ಮುರಿಯುವ ಕೈಗಳು ನಿಂತವು. ಗೋದುಬಾಯಿಯ ಕಾಲೂ ನಿಂತಿತು. ಈ ಸಲ ಅವಳು "ಆಮ್ಯಾಲ" ಎನ್ನಲಿಲ್ಲ. ಅಂಗಿಯ ಜೇಬಿನಿಂದ ಕನ್ನಡಕ ತೆಗೆದು, ನಾಲ್ಕು ಪುಟಗಳನ್ನೂ ಸರಸರನೆ ಓದುತ್ತ, ಆ ಒಂದು ಸಾಲನ್ನುಳಿದು ಮಿಕ್ಕದ್ದಕ್ಕೆಲ್ಲ ಅಡ್ಡಗೀಟು ಎಳೆದಳು.

"ಓದಾಕ ಬರ್ತೈತೇನ್ರಿ ನಿಮಗ?" ಎಂದೆ.

"ಏಳನೇತ್ತಾ ತನಕ ಸಾಲಿ ಕಲ್ತೇನ್ರಿ. ಕಾಗದ ನೋಡ್ಕೋಂತ ಕುಂತ್ರ ಮಂದಿ ಕೈ ಕಾಣೂದಿಲ್ಲ."

ಸಾಲಿನ ಕೆಳಗೆ ಮೊದಲು ತನ್ನ ಹೆಸರು ಬರೆದು, ಅದರ ಮುಂದೆ ತನ್ನ ಪಾಸಿನ ನಂಬರನ್ನೂ ಬರೆದಳು. ಮೇಸ್ತ್ರಿಗೆ ಮರುದಿನವೇ ಅವಳನ್ನು ಕೆಲಸದಿಂದ ತೆಗೆದುಹಾಕಲು ಅಷ್ಟು ಸಾಕಿತ್ತು. ಗೋಡೆಗೊರಗಿದ್ದ ಸುವರ್ಣಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಶೆವ್ವ ಕೈ ತೊಳೆದು ಎದ್ದು ಬಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರು ನಂಬರು ಬರೆಯುತ್ತ ಹೋದರು.

ಇಂಥವರಿಗೆ ಮಾತಿನ ಮೇಲೆ ಮುನಿಸೇನಿಲ್ಲ. ಆಡಿದವನು ಮನೆಗೆ ಹೋಗಿ ಉಂಡು ಮಲಗುತ್ತಾನೆ, ಕೇಳಿದವರು ಬೀದಿಗೆ ಬೀಳುತ್ತಾರೆ ಎಂಬುದನ್ನು ಕಣ್ಣಾರೆ ಕಂಡವರಾದ್ದರಿಂದ, ಇನ್ನೊಬ್ಬರ ಅನ್ನವನ್ನು ಪಣಕ್ಕಿಡುವ ಪ್ರತಿ ವಾಕ್ಯವನ್ನೂ ಅವರು ಸಂತೆಯ ಗಡಿಗೆಯಂತೆ ಬಡಿದು ನೋಡಿಯೇ ಕೊಳ್ಳುತ್ತಾರೆ. ಇಷ್ಟೆಲ್ಲ ತತ್ತ್ವ ಹೊಳೆದ ಮೇಲೂ ನನ್ನ ಚಡಪಡಿಕೆ ನಿಲ್ಲಲಿಲ್ಲ. ಕಾಗದ ತುಂಬುತ್ತ ಬಂದಂತೆ ಮೆಲ್ಲನೆ ಕೇಳಿಯೇಬಿಟ್ಟೆ: "ಬರದಾಂವನ ಹೆಸರು ಹಾಕೂದು ಬ್ಯಾಡೇನ್ರಿ ಬಾಯಿ?"

"ಹಾಕೂಣ್ರಿ," ಎಂದಳು ಗೋದುಬಾಯಿ, ಪೆನ್ನು ಮುಂದೆ ಚಾಚಿ. "ನಿಮ್ಮ ಪಾಸಿನ ನಂಬರ್ ಎಷ್ಟ?"