ಹರಿಣಾಕ್ಷಿ ಬಾವಿಯಿಂದ ಮೇಲೆ ಬಂದಳಾ?

ಮಹಾಪೆಯ ಒಂದು ಐಟಿ ಕಂಪನಿಯಲ್ಲಿದ್ದ ಚೈತನ್ಯಾ ರಜಾದಿನಗಳಲ್ಲಿ ಡೊಂಬಿವಲಿಯ ಮನೆಯಲ್ಲಿ ಕೂತು ಒಂದು ಸಣ್ಣ ಸಾಫ್ಟ್‌ವೇರ್ ಬರೆದಿದ್ದಳು. ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕನ್ನಡ ಹೊಸ ಕಂಪ್ಯೂಟರಿನಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದಲ್ಲ, ಅದನ್ನು ಮತ್ತೆ ಕನ್ನಡ ಮಾಡುವಂಥದ್ದು. ಅದರ ವೆಬ್ ಪುಟದಿಂದ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು. ಅದಕ್ಕೆ ಅಮ್ಮನ ಹೆಸರಿಟ್ಟಿದ್ದಳು: ಹರಿಣಾಕ್ಷಿ.

ಬಹಳ ಕಾಲ ಆ ಪುಟದ ಕಡೆ ಯಾರೂ ಸುಳಿಯಲಿಲ್ಲ. 2013ರ ಮಳೆಗಾಲದ ಕೊನೆಗೆ ಒಮ್ಮೆಲೇ ಸಾವಿರಗಟ್ಟಲೆ ಜನ ಬರತೊಡಗಿದರು. ಚೈತನ್ಯಾ ಹಿಗ್ಗಿದಳು. ಆದರೆ ಅವರು ಮರಾಠಿಯಲ್ಲಿ, ಹಿಂದಿಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳೇ ವಿಚಿತ್ರ. ನಿನ್ನೆಯ ಭಾಗ ಎಲ್ಲಿ? ಅತ್ತೆಗೆ ಯಾವಾಗ ಬುದ್ಧಿ ಬರುತ್ತೆ?

"ಅಮ್ಮಾ, ಹರಿಣಾಕ್ಷಿ ಬದುಕಿದ್ದಾಳಾ ಅಂತ ಕೇಳ್ತಿದ್ದಾರೆ!"

"ಇದ್ದಾಳೆ, ಬಟಾಟೆ ಸಿಪ್ಪೆ ತೆಗೀತಾ ಇದ್ದಾಳೆ ಅಂತ ಬರಿ." ಅಮ್ಮ ನಕ್ಕಳು. "ಅದು ಹೊಸ ಮರಾಠಿ ಸೀರಿಯಲ್ ಮಾರಾಯ್ತಿ. ಪಕ್ಕದ ಮನೆಯವರು ದಿನಾ ನೋಡ್ತಾರೆ."

ಆಫೀಸಿನ ಗೆಳೆಯ ಯೋಗೀಶ್, "ಹೆಸರು ಬದಲಿಸು. ಸೀರಿಯಲ್ಲಿನ ರಾಶಿಯಲ್ಲಿ ನಿನ್ನದು ಯಾರಿಗೂ ಸಿಗೋದಿಲ್ಲ" ಎಂದ. ಅವಳು ಒಪ್ಪಿದಳು. ಅಷ್ಟರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಕನ್ನಡ ಪ್ರಶ್ನೆ ಕಣ್ಣಿಗೆ ಬಿತ್ತು: 'ಶನಿವಾರ ನಮ್ಮಲ್ಲಿ ಕರೆಂಟಿರಲಿಲ್ಲ. ಹರಿಣಾಕ್ಷಿ ಬಾವಿಯಿಂದ ಮೇಲೆ ಬಂದಳಾ? ರತ್ನಾವತಿ, ಶಹಾಡ್.'

ಇಷ್ಟೊಂದು ಮರಾಠಿಯ ನಡುವೆ ಕನ್ನಡದಲ್ಲಿ ಕೇಳುವ ಇವರು ಯಾರು? ಚೈತನ್ಯಾ ಪಕ್ಕದ ಮನೆಗೆ ಹೋಗಿ ವಿಚಾರಿಸಿಕೊಂಡು ಬಂದು ಉತ್ತರ ಬರೆದಳು. 'ಬಂದಳು. ಹಾಲಿನವನು ಹಗ್ಗ ಇಳಿಬಿಟ್ಟ. ಆದರೆ ಇದು ಸೀರಿಯಲ್ ಪುಟ ಅಲ್ಲ.' ಏನು ಪುಟ ಎಂಬುದನ್ನೂ ವಿವರಿಸಿದಳು.

ಮರುದಿನದ ಉತ್ತರದಲ್ಲಿ ಬಾವಿಯ ಸುದ್ದಿಯೇ ಇರಲಿಲ್ಲ. ರತ್ನಾವತಿಯ ಅತ್ತೆ ತುಳು ಪಾಡ್ದನ, ಬಾಯಿಂದ ಬಾಯಿಗೆ ಬಂದ ಕಥೆಹಾಡುಗಳನ್ನು, ಹೇಳುತ್ತಿದ್ದರಂತೆ. ಅವರು ಹೇಳಿದಂತೆಲ್ಲ ಸೊಸೆ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿದ್ದಳು. ಅತ್ತೆ ತೀರಿಕೊಂಡ ಮೇಲೆ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರವೂ ಓದಲಾಗಲಿಲ್ಲ. 'ಎಲ್ಲ ಹಾಳಾಯಿತು ಅಂದುಕೊಂಡಿದ್ದೆ. ಅಳಿಸಲು ಮಾತ್ರ ಮನಸ್ಸು ಬರಲಿಲ್ಲ.'

ಆ ವಾರವೇ ಸಾಫ್ಟ್‌ವೇರಿಗೆ 'ಲಿಪಿಬದಲಿ' ಎಂದು ಹೆಸರಾಯಿತು. ಜನಜಂಗುಳಿ ಕರಗಿತು. ಭಾನುವಾರ ಆ ಫೈಲ್ ಸರಿಮಾಡಿಕೊಡಲು ತಾಯಿ ಮಗಳು ಶಹಾಡಿಗೆ ಹೊರಟರು.

ರತ್ನಾವತಿ ಸ್ಟೇಷನ್ನಿಗೇ ಬಂದಿದ್ದಳು. ಮನೆ ತಲುಪಿದ ಮೇಲೆ ಚಹಾ ಕುಡಿಯುವಷ್ಟೂ ತಾಳ್ಮೆ ಯಾರಿಗೂ ಇರಲಿಲ್ಲ. ಚೈತನ್ಯಾ ಫೈಲ್ ತೆರೆದು ಗುಂಡಿ ಒತ್ತಿದಳು. ಕಸದಂತಿದ್ದ ಸಾಲುಗಳು ಕನ್ನಡವಾದವು. ಅರ್ಕಾವತ್ತು ಇದ್ದಲ್ಲೆಲ್ಲ ತಪ್ಪಾಗಿತ್ತು, ಆದರೂ ಓದಬಹುದಿತ್ತು. ರತ್ನಾವತಿ ಮೊದಲ ಸಾಲು ಓದಿದಳು. ಎರಡನೆಯದನ್ನು ಅರ್ಧಕ್ಕೇ ಬಿಟ್ಟು ಕನ್ನಡಕ ತೆಗೆದಳು.

ಆಗ ಅಮ್ಮ ತಾನೇ ಎತ್ತಿಕೊಂಡು ಹಾಡತೊಡಗಿದಳು. ಅಮ್ಮನಿಗೆ ಪಾಡ್ದನ ಬರುತ್ತದೆಂದು ಚೈತನ್ಯಾಗೆ ಗೊತ್ತೇ ಇರಲಿಲ್ಲ.

ನಾಲ್ಕು ಸಾಲು ಮುಗಿದಾಗ ರತ್ನಾವತಿ ಕಣ್ಣೊರೆಸಿಕೊಂಡು ತಡೆದಳು. "ಅಕ್ಕಾ, ಅದು ಹಾಗಲ್ಲ. ಅಣ್ಣ ಮೊದಲು ದೋಣಿ ಹತ್ತಬೇಕು, ಆಮೇಲೆ ತಂಗಿ."

"ನಮ್ಮ ಕಾಪು ಕಡೆ ತಂಗಿಯೇ ಮೊದಲು."

"ನಮ್ಮ ಅತ್ತೆ ಎಂದೂ ಹಾಗೆ ಹೇಳಿದವರಲ್ಲ!"

ಇಬ್ಬರೂ ಪಟ್ಟು ಬಿಡಲಿಲ್ಲ. ಚೈತನ್ಯಾ ಹೊಸ ಫೈಲೊಂದನ್ನು ತೆರೆದಳು. "ಅಮ್ಮಾ, ನಿಂದು ಮೊದಲಿಂದ ಹೇಳು. ನಿಧಾನಕ್ಕೆ."