ತುಟಿ ಮಾತ್ರ ಆಡಿಸಿ

ಎಲ್ಲಿಂದ ಶುರು ಮಾಡಲಿ? ಹಾಡಿನಿಂದ ಅಂದರೆ, ಕಾಗದಕ್ಕೆ ಗಂಟಲಿಲ್ಲ. ಜಗಳದಿಂದ ಅಂದರೆ, ಜಗಳವಾಡಿದವರೆಲ್ಲ ಮರ್ಯಾದಸ್ತರು, ‘ರೀ’ ಹಚ್ಚಿಯೇ ಬೈದಾಡಿದರು. ಮೊದಲ ಡ್ರಾಫ್ಟು ನಂದಿಬೆಟ್ಟದ ಮಂಜಿನಿಂದ ಶುರುವಾಗಿತ್ತು. ಹರಿದುಹಾಕಿದೆ. ಈ ಕಥೆಯಲ್ಲಿ ಯಾರೂ ಬೆಟ್ಟ ಹತ್ತುವುದಿಲ್ಲ.

೧

2003. ಶಿಡ್ಲಘಟ್ಟದಲ್ಲಿ ಅನಸೂಯಮ್ಮ ಅಂತ ಒಬ್ಬರು ಸಂಗೀತದ ಮೇಡಂ. ಚಿಂತಾಮಣಿಯ ಸಮೂಹ ಗಾಯನ ಸ್ಪರ್ಧೆಗೆ ಹನ್ನೆರಡು ಹೆಂಗಸರ ತಂಡ ಕಟ್ಟಿ ಒಂದು ಕೀರ್ತನೆ ತಯಾರು ಮಾಡುತ್ತಿದ್ದರು. ಗುಂಪಿನಲ್ಲಿ ಯಾರ ಗಂಟಲೂ ಬೇರೆಯಾಗಿ ಕೇಳಬಾರದು, ಸ್ವರ ನೆಟ್ಟಗಿರಬೇಕು, ಅಲುಗಬಾರದು ಎನ್ನುವುದು ಅವರ ಮತ.

ಮೃದಂಗದ ನರಸಿಂಹಮೂರ್ತಿ ಒಪ್ಪುತ್ತಿರಲಿಲ್ಲ. “ಹನ್ನೆರಡು ಜನ ಹಾಡಿದ್ರೆ ಹನ್ನೆರಡು ಜನ ಹಾಡ್ದಂಗೇ ಕೇಳ್ಬೇಕು ಮೇಡಂ. ಒಬ್ರೇ ಹಾಡ್ದಂಗೆ ಕೇಳೋದಾದ್ರೆ ಮಿಕ್ಕ ಹನ್ನೊಂದು ಜನ ಮನೇಲಿ ಅಡಿಗೆ ಮಾಡ್ಕೊಂಡಿರ್ಲಿ ಬಿಡಿ.”

“ನೀವು ತಾಳ ನೋಡ್ಕೊಳ್ರೀ, ಸಾಕು.”

ಜಗಳದ ಮೂಲ ಸಾದಲಿಯ ರಾಮಲಕ್ಷ್ಮಮ್ಮ. ರೇಷ್ಮೆ ಸಾಕುವ ಮನೆಯವಳು. ಹುಳು ಸೊಪ್ಪು ಬಿಟ್ಟು, ಪೊರೆ ಕಳಚಲು ‘ಜ್ವರ’ಕ್ಕೆ ಕೂತಾಗ ಸಿಗುವ ಬಿಡುವಿನಲ್ಲಿ ಬಸ್ಸು ಹಿಡಿದು ಕ್ಲಾಸಿಗೆ ಬರುತ್ತಿದ್ದಳು. ಶ್ರುತಿ ತಪ್ಪುತ್ತಿರಲಿಲ್ಲ. ಆದರೆ ಗಂಟಲು ಪೂರ್ತಿ ಬಿಟ್ಟು ಹಾಡುವಳು, ಪ್ರತಿ ಸ್ವರವನ್ನೂ ತೂಗುವಳು. ಅವಳು ಬಾಯಿ ತೆರೆದರೆ ಉಳಿದವರು ಇದ್ದೂ ಇಲ್ಲದ ಹಾಗೆ.

(“ಏನಪ್ಪಾ ಬರೆಯೋನೇ, ಮೇಡಮ್ಮಂಗೆ ‘ಅವರು’ ಅಂತೀಯ, ನನಗೆ ‘ಅವಳು’ ಅಂತೀಯಲ್ಲ?” ಅಂತ ಈಗಷ್ಟೇ ರಾಮಲಕ್ಷ್ಮಮ್ಮ ಕೇಳಿದರು. ಇನ್ನು ಮೇಲೆ ‘ಅವರು’. ಮೇಲಿನದನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ, ನನ್ನ ಮುಖಕ್ಕೆ ಅಷ್ಟಾದರೂ ಆಗಲಿ ಅಂತ.)

೨

ಸ್ಪರ್ಧೆಯ ದಿನ ಪರದೆಯ ಹಿಂದೆ ಅನಸೂಯಮ್ಮ ರಾಮಲಕ್ಷ್ಮಮ್ಮನನ್ನು ಪಕ್ಕಕ್ಕೆ ಕರೆದರು.

“ಇವತ್ತೊಂದಿನ ತುಟಿ ಮಾತ್ರ ಆಡಿಸಿ ರಾಮಲಕ್ಷ್ಮಮ್ಮ. ದನಿ ಬೇಡ. ಬೇಜಾರ್ ಮಾಡ್ಕೋಬೇಡಿ.”

“ಸರಿ ಮೇಡಮ್ಮಾ.”

ಅಷ್ಟೇ. ಸೆರಗು ಸರಿಮಾಡಿಕೊಂಡು ಹಿಂದಿನ ಸಾಲಿನಲ್ಲಿ ನಿಂತರು.

ಹಾಡು ಕೆಡಬೇಕು ಅಂತ ನಿಮಗೆ ಅನ್ನಿಸುತ್ತಿದೆ ಅಲ್ಲವೇ? ನನಗೂ ಅನ್ನಿಸಿತ್ತು. ಎರಡನೇ ಡ್ರಾಫ್ಟಿನಲ್ಲಿ ಕೆಡಿಸಿಯೂ ನೋಡಿದೆ. ಸುಳ್ಳು ಅನ್ನಿಸಿತು. ಹಾಡು ತುಂಬ ಚೆನ್ನಾಗಿ ಬಂತು. ಹನ್ನೊಂದು ದನಿ ಒಂದೇ ಎಳೆಯಾಗಿ ನಿಂತವು. ಮೊದಲ ಬಹುಮಾನ.

ಕೆಟ್ಟಿದ್ದು ಆಮೇಲೆ.

೩

ರಾಮಲಕ್ಷ್ಮಮ್ಮನ ಗಂಡ ಬಯ್ಯಪ್ಪ ಊರಿಂದ ಒಂದು ಟೆಂಪೋ ತುಂಬ ನೆಂಟರನ್ನು ಕರೆದುಕೊಂಡು ಬಂದಿದ್ದ. ಅನಸೂಯಮ್ಮನ ಎದುರಿಗೇ ಕೈ ಮುಗಿದು ಹೇಳಿದ:

“ಅಬ್ಬಾ, ಏಮಿ ಗೊಂತು, ಎಂಥಾ ಗಂಟ್ಲು ಮೇಡಂ! ಅಷ್ಟು ಜನದಾಗೂ ನಮ್ಮವಳ ಗಂಟ್ಲೇ ಗಂಟೆ ಹೊಡ್ದಂಗೆ ಕೇಳ್ತಿತ್ತು. ಏನ್ರೋ, ಕೇಳ್ತಿತ್ತಲ್ಲ?”

“ಕೇಳ್ದೆ ಏನಣ್ಣ!” ಅಂದರು ನೆಂಟರು.

ಅನಸೂಯಮ್ಮ ಕೈಯಲ್ಲಿದ್ದ ಬಹುಮಾನದ ಕಪ್ಪನ್ನು ಬೆನ್ನ ಹಿಂದೆ ಹಿಡಿದುಕೊಂಡರು. ರಾಮಲಕ್ಷ್ಮಮ್ಮ ನೆಲ ನೋಡುತ್ತಾ, “ಹೂಂ, ನಡೀರಿ, ಹುಳಕ್ಕೆ ಸೊಪ್ಪು ಹಾಕ್ಬೇಕು” ಅಂದರು.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮೈಕ್‌ಸೆಟ್ಟಿನ ಮಜರ್ ಹಾಡನ್ನು ರೆಕಾರ್ಡ್ ಮಾಡಿದ್ದ. ಬಯ್ಯಪ್ಪ ಅವನಿಂದ ಕ್ಯಾಸೆಟ್ ತಂದ. ಮನೆಯಲ್ಲಿ ಎಲ್ಲರೂ ಕೂತು ಕೇಳೋಣ, ಮೇಡಮ್ಮೂ ಊಟಕ್ಕೆ ಬರಲಿ ಅಂತ ಹೇಳಿಕಳಿಸಿದ.

೪

ಸಾದಲಿ. ಹಜಾರದಲ್ಲಿ ನೆಂಟರು, ಅನಸೂಯಮ್ಮ, ನಡುವೆ ಟೇಪ್‌ರೆಕಾರ್ಡರ್. ಕ್ಯಾಸೆಟ್ಟಿನಲ್ಲಿ ರಾಮಲಕ್ಷ್ಮಮ್ಮನ ದನಿ ಎಲ್ಲೂ ಇಲ್ಲ. ಆ ಮನೆಯಲ್ಲಿ ಅದು ಗೊತ್ತಿರುವುದು ಅವರಿಗೆ ಮತ್ತು ಮೇಡಮ್ಮಿಗೆ, ಇಬ್ಬರಿಗೇ.

ಮುಕ್ತಾಯ ಒಂದು: ಕರೆಂಟ್ ಹೋಗುತ್ತದೆ. (ನಮ್ಮ ಕಡೆ ಹೋಗುವುದು ನಿಜವೇ. ಆದರೂ ಕರೆಂಟಿನವರ ಉಪಕಾರ ನನಗೆ ಬೇಡ.)

ಮುಕ್ತಾಯ ಎರಡು: ಅನಸೂಯಮ್ಮ ಎದ್ದು ನಿಂತು ಎಲ್ಲರೆದುರು ಸತ್ಯ ಹೇಳಿ ಕ್ಷಮೆ ಕೇಳುತ್ತಾರೆ. ಇದು ನನಗೆ ಇಷ್ಟವಾಗಿತ್ತು. ಬರೆಯಲು ಕೂತರೆ ರಾಮಲಕ್ಷ್ಮಮ್ಮ ಅಡಿಗೆಮನೆಯಿಂದ ಬಂದು ನನ್ನ ಪೆನ್ನು ಹಿಡಿದು ತಡೆದರು.

“ಹೇಳ್ಬಿಟ್ಟು ಅವರು ಹಗುರ ಆಗ್ತಾರೆ. ಟೆಂಪೋದಾಗೆ ಬಂದೋರ ಮುಂದೆ ನಾನೆಲ್ಲಿ ಮುಖ ಇಟ್ಕೊಳ್ಳಲಿ? ಬೇಡ ಕಣಪ್ಪ.”

“ಮತ್ತೆ ಏನು ಮಾಡಲಿ ಅಮ್ಮಾ?”

“ನೀನೇನೂ ಮಾಡ್ಬೇಡ. ಅವರನ್ನ ಅಡಿಗೆಮನೆಗೆ ಕಳ್ಸು.”

ಕಳಿಸಿದೆ.

ಅನಸೂಯಮ್ಮ ಒಲೆಯ ಪಕ್ಕ ನಿಂತರು. “ರಾಮಲಕ್ಷ್ಮಮ್ಮ, ನಾನು ಅವತ್ತು…”

“ಕೊತ್ತಂಬರಿ ಸೊಪ್ಪು ಬಿಡಿಸ್ಕೊಡಿ ಮೇಡಮ್ಮಾ.”

ಹಜಾರದಲ್ಲಿ ಕ್ಯಾಸೆಟ್ ತಿರುಗಿತು. ಹನ್ನೊಂದು ದನಿ, ನೆಟ್ಟಗೆ, ಅಲುಗದೆ. ನೆಂಟರು ಕಿವಿ ಮುಂದೆ ಮಾಡಿದರು. ಬಯ್ಯಪ್ಪನ ಹುಬ್ಬು ಮೆಲ್ಲಗೆ ಗಂಟಾಗತೊಡಗಿತು.

ಆಗ ರಾಮಲಕ್ಷ್ಮಮ್ಮ ಸಾರು ತಿರುವುತ್ತಲೇ ಹಾಡಿದರು. ಗಂಟಲು ಪೂರ್ತಿ ಬಿಟ್ಟು, ಸ್ವರ ಸ್ವರವನ್ನೂ ತೂಗಿ. ಕ್ಯಾಸೆಟ್ಟಿನ ದನಿಗಳೆಲ್ಲ ಅದರ ಕೆಳಗೆ ಚಾಪೆಯ ಹಾಗೆ ಹಾಸಿಕೊಂಡವು.

“ಕೇಳಿ, ಕೇಳಿ! ಇದೇ ನಾನ್ ಹೇಳಿದ್ದು!” ಬಯ್ಯಪ್ಪ ತೊಡೆ ತಟ್ಟಿದ.

ಹಾಡುತ್ತಲೇ ಅವರು ಮೇಡಮ್ಮನ ಕಡೆ ತಿರುಗಿ, ನೀವೂ ಹಾಡಿ ಅಂತ ಸೌಟಿನಲ್ಲೇ ಸನ್ನೆ ಮಾಡಿದರು.

ಅನಸೂಯಮ್ಮನ ತುಟಿ ಆಡಿತು. ದನಿಯೂ ಬಂತೇ? ಬಂದಿದ್ದರೆ ನೆಟ್ಟಗಿತ್ತೇ, ಅಲುಗಿತೇ? ನಾನು ಹಜಾರದ ಬಾಗಿಲಲ್ಲೇ ನಿಂತಿದ್ದೆ. ರಾಮಲಕ್ಷ್ಮಮ್ಮನ ಗಂಟಲಿನ ಮುಂದೆ ನನಗೆ ಬೇರೇನೂ ಕೇಳಿಸಲಿಲ್ಲ. ಒಳಗೆ ಹೋಗಿ ಕಿವಿಗೊಡಬಹುದಿತ್ತು. ನಾಚಿಕೆಯಾಗಿ ಹೋಗಲಿಲ್ಲ.