ತಂಗಿಗೊಂದು ಕಾಲಂ

ಹನ್ನೆರಡು ವರ್ಷ ಒಂದೇ ಕಂಪನಿಯ ಬೆನ್ನು ಹತ್ತಿದರೆ ಎಂಥವರೂ ದೊಡ್ಡ ವಿದ್ವಾಂಸರಾಗುತ್ತಾರೆ. ನಮ್ಮ ಪ್ರೊಫೆಸರರೂ ಆದರು. ಬೀಗ ಮಾಡುವ ಒಂದು ಸಣ್ಣ ಕಾರ್ಖಾನೆ ಪಕ್ಕದ ದೇಶಗಳನ್ನೆಲ್ಲ ಬಿಟ್ಟು ಏಳು ಸಮುದ್ರದಾಚೆ ಅಂಗಡಿ ತೆರೆದಿತ್ತು. ಅದು ಯಾಕೆ ಎಂಬುದಕ್ಕೆ ಇವರು ‘ದೂರದ ಹೆಜ್ಜೆ’ ಎಂಬ ಸಿದ್ಧಾಂತವನ್ನೇ ಕಟ್ಟಿದರು. ಹೋದ ವರ್ಷ ಆ ಅಂಗಡಿ ಮುಚ್ಚಿತು. ಅದಕ್ಕೂ ‘ಯೋಜಿತ ಹಿಂದೆಗೆತ’ ಎಂದು ಹೆಸರಿಟ್ಟು ಇನ್ನೊಂದು ಲೇಖನ ಬರೆದರು. ನಾಳೆ ಆಯ್ಕೆ ಸಮಿತಿಯ ಮುಂದೆ ಇವೆರಡನ್ನೂ ಸರಿಯಾಗಿ ಒಪ್ಪಿಸಿದರೆ ವಿಭಾಗದ ಹಿರಿಯ ಪೀಠ ಅವರದು. ವಯಸ್ಸು ಐವತ್ತೆಂಟು, ಈ ಸಲ ತಪ್ಪಿದರೆ ಮತ್ತೆ ಸಿಗುವುದಿಲ್ಲ.

ಇವತ್ತು ತರಗತಿಗೆ ಕಾರ್ಖಾನೆಯ ಒಡತಿಯನ್ನೇ ಕರೆಸಿದ್ದರು. ಅಷ್ಟು ದೂರ ಯಾಕೆ ಹೋದಿರಿ ಎಂದು ಮೊದಲ ಬೆಂಚಿನ ಹುಡುಗಿ ಕೇಳಿದಳು.

“ನನ್ನ ತಂಗೀನ ಅಲ್ಲಿಗೆ ಮದುವೆ ಮಾಡಿ ಕೊಟ್ಟಿದ್ವಿ. ಒಬ್ಬಳೇ ಅಂತ ಫೋನಲ್ಲಿ ಅಳೋಳು. ಅಂಗಡಿ ಅಂತ ಒಂದಿದ್ರೆ ವರ್ಷಕ್ಕೆರಡು ಸಲ ಹೋಗಿ ಬರಬಹುದಲ್ಲ.”

ತರಗತಿ ನಕ್ಕಿತು. ಪ್ರೊಫೆಸರರೂ ನಕ್ಕರು, ಆದರೆ ಒಳಗೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತಾಯಿತು. ತಮ್ಮ ಕೋಣೆಗೆ ಕರೆದೊಯ್ದು ಚಹಾ ಕೊಟ್ಟು, ಹಾಗಾದರೆ ಮುಚ್ಚಿದ್ದು ಯಾಕೆ ಎಂದು ಕೇಳಿದರು.

“ತಂಗಿ ತೀರ್ಕೊಂಡುಬಿಟ್ಟಳಲ್ಲ ಹೋದ ವರ್ಷ. ಇನ್ನು ಅಲ್ಲಿ ನಂಗೇನು ಕೆಲಸ?”

“ಇದನ್ನ ನೀವು ಪ್ರಶ್ನಾವಳೀಲಿ ಬರೀಲೇ ಇಲ್ಲ!”

“ಅರವತ್ನಾಲ್ಕು ಪ್ರಶ್ನೆ ಕೇಳಿದ್ರಿ. ತೆರಿಗೆ, ಹಡಗು, ಪೇಟೆ, ಎಲ್ಲಾ ಇತ್ತು. ತಂಗಿಗೊಂದು ಕಾಲಂ ಇರಲಿಲ್ಲ,” ಎಂದ ಆಕೆ ಅರ್ಧ ಲೋಟ ಚಹಾ ಬಿಟ್ಟು ಎದ್ದರು.

ಸಂಜೆಯೆಲ್ಲ ಪ್ರೊಫೆಸರರು, ಸಿದ್ಧಾಂತಕ್ಕೆ ಪುರಾವೆಯೆಂದು ಕೊನೆಯಲ್ಲಿ ಸೇರಿಸಿದ್ದ ಉಳಿದ ನಲವತ್ತು ಕಂಪನಿಗಳ ಕಡತ ತಿರುವಿದರು. ಯಾವ ದೇಶದಲ್ಲಿ ಯಾರ ಭಾವ ಕೂತಿದ್ದಾನೋ, ಯಾರ ಅತ್ತೆ ಕಾಯಿಲೆ ಬಿದ್ದಿದ್ದಾಳೋ! ಹೇಳಿದರೆ ಪೀಠ ಹೋಯಿತು, ಮುಚ್ಚಿಟ್ಟರೆ ಮಾನ ಹೋಯಿತು. ಅತ್ತ ದರಿ, ಇತ್ತ ಪುಲಿ.

ಮರುದಿನ ಸಮಿತಿಯ ಅಧ್ಯಕ್ಷರು, ಬೀಗದವರು ಅಷ್ಟು ದೂರ ಯಾಕೆ ಹೋದರು ಎಂಬ ಅದೇ ಪ್ರಶ್ನೆ ಕೇಳಿದಾಗ, ತಲೆ ಇನ್ನೂ ತೀರ್ಮಾನಿಸುವ ಮೊದಲೇ ಬಾಯಿ ನಿಜ ಹೇಳಿಬಿಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ತಲೆ ತಗ್ಗಿಸಿ ಕೂತರು. ಆದರೆ ಸದಸ್ಯರ ಮುಖಗಳು ಅರಳಿದವು. ಒಬ್ಬರು ಇದಕ್ಕೆ ‘ಸಂಬಂಧ ತಂತ್ರ’ ಎಂದು ಹೆಸರಿಟ್ಟೇಬಿಟ್ಟರು. ಇನ್ನೊಬ್ಬರು, ಮುಂದಿನ ಪ್ರಶ್ನಾವಳಿಯಲ್ಲಿ ವಿದೇಶದಲ್ಲಿರುವ ತಂಗಿಯರ ಸಂಖ್ಯೆಗೆ ಜಾಗ ಬಿಡಿ ಎಂದರು. ಪೀಠ ಸಿಕ್ಕಿತು. ತಾನು ಗೆದ್ದೆನೋ ಸೋತೆನೋ ಪ್ರೊಫೆಸರರಿಗೆ ತಿಳಿಯಲಿಲ್ಲ.

ಮನೆಯಲ್ಲಿ ಬೂಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತವರನ್ನು ಕಂಡು ಹೆಂಡತಿ, ಹೋಯಿತೇ ಎಂದು ಮೆಲ್ಲಗೆ ಕೇಳಿದರು.

“ಸಿಕ್ತು,” ಎಂದರು. ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಿ, “ತಂಗಿ ಸತ್ತಳು ಅಂದ್ರು ಕಣೇ ಆಯಮ್ಮ. ನಾನು ಪ್ರಶ್ನಾವಳಿ ಮಾತೆತ್ತಿದೆ.”